ಮುಖವಾಡದ ಪಿಶಾಚಿ: ಕೊಳಕಾಗಿ ಕಾಣುತ್ತಿದೆ, ಹೆದರಿಕೆ ಮಾತ್ರ ಬರುತ್ತಿಲ್ಲ

ಡೈಸ್‌ರಂಗ

ಎಲ್ಲರಿಗೂ ನಮಸ್ಕಾರ. ನಾವು ಮೇಜಿನ ಸುತ್ತ ಕೂತು ಆಡುವ ಪಾತ್ರಾಭಿನಯದ ಆಟದ ಕ್ಯಾಂಪೇನ್‌ನಲ್ಲಿ, ಅಂದರೆ ಮುಂದುವರಿಯುತ್ತಾ ಹೋಗುವ ಕಥೆಯಲ್ಲಿ, ಸದ್ಯದಲ್ಲೇ ಒಂದು ಪಿಶಾಚಿ ಬರುವುದಿದೆ. ಆಟಗಾರರು ಅದರ ಸುದ್ದಿ ಕೇಳಿದ್ದಾರೆ, ಇನ್ನೂ ಕಣ್ಣಾರೆ ಕಂಡಿಲ್ಲ. ಮೇಜಿನ ಮೇಲೆ ಇಟ್ಟಾಗ ಒಬ್ಬರಾದರೂ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಮಿನಿ, ಅಂದರೆ ಆಟದಲ್ಲಿ ಮೇಜಿನ ಮೇಲೆ ಇಡುವ ಪುಟ್ಟ ಗೊಂಬೆಯ ಬಗ್ಗೆ ಹೇಳುತ್ತೇನೆ. ರೆಸಿನ್‌ನಲ್ಲಿ ಮಾಡಿದ 3ಡಿ ಪ್ರಿಂಟ್, 32 ಮಿ.ಮೀ. ಸ್ಕೇಲ್ (ನಿಂತ ಮನುಷ್ಯ ಸುಮಾರು ಅಷ್ಟು ಎತ್ತರ), 40 ಮಿ.ಮೀ. ದುಂಡು ಬೇಸ್ (ಪೀಠ). ಕುಕ್ಕರಗಾಲಲ್ಲಿ ಕೂತ ಬಡಕಲು ಮೈ, ಬೆನ್ನುಮೂಳೆ ಎಣಿಸಬಹುದು. ಕೈ ನೆಲ ಮುಟ್ಟುವಷ್ಟು ಉದ್ದ. ಬೆರಳುಗಳು ಬೇಕಾದ್ದಕ್ಕಿಂತ ಜಾಸ್ತಿ ಉದ್ದ. ಸೊಂಟದಲ್ಲಿ ಹರಿದ ಬಟ್ಟೆ. ಮುಖಕ್ಕೆ ಮಗುವಿನ ಮುಖದಂಥ ಪಿಂಗಾಣಿ ಮುಖವಾಡ. ಅದರ ಎಡಗೆನ್ನೆ ಒಡೆದಿದೆ, ಒಡಕಿನೊಳಗೆ ಅದರ ನಿಜವಾದ ಬಾಯಿ ಕಾಣುತ್ತದೆ.

ಇಷ್ಟು ಕೆಲಸ ಆಗಿದೆ: ಕಪ್ಪು ಪ್ರೈಮರ್, ಮೇಲಿನಿಂದ ಬಿಳಿ ಸ್ಪ್ರೇ, ಮೈಗೆ ಹಸಿರು ಮಿಶ್ರಿತ ಬೂದಿ, ಬಟ್ಟೆಗೆ ಕಂದು, ಮುಖವಾಡಕ್ಕೆ ಮೂಳೆಬಣ್ಣ. ಆಮೇಲೆ ಇಡೀ ಗೊಂಬೆಗೆ ಕಂದು ವಾಶ್ (ಗುಂಡಿಗಳಿಗೆ ಹರಿದು ನಿಲ್ಲುವ ತೆಳು ಬಣ್ಣ). ಗೆರೆಗಳೆಲ್ಲ ಚೆನ್ನಾಗಿ ಎದ್ದು ಬಂದಿವೆ, ಕೆಲಸ ನೀಟಾಗಿದೆ. ಆದರೆ ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಭಯ ಆಗುವುದಿಲ್ಲ. ಇನ್ನೊಂದಿಷ್ಟು ಕೊಳೆ, ತುಕ್ಕು, ರಕ್ತ ಸೇರಿಸಲಾ? ಅಥವಾ ಬಣ್ಣ ಕಿತ್ತು ಮೊದಲಿನಿಂದ ಶುರು ಮಾಡಲಾ?

---

ಬೂದಿಬಣ್ಣ

ಕೀಳುವುದು ಬೇಡ. ಕೆಳಗಿನ ಪದರ ಸರಿಯಾಗಿಯೇ ಇದೆ, ಅದರ ಮೇಲೆ ಕಟ್ಟಬಹುದು.

ಕೊಳೆ ಸೇರಿಸುವುದಂತೂ ಬೇಡವೇ ಬೇಡ. ಮೈ, ಬಟ್ಟೆ, ಮುಖವಾಡ ಮೂರಕ್ಕೂ ಒಂದೇ ಕಂದು ವಾಶ್ ಬಿದ್ದಿದೆ. ಹಾಗಾಗಿ ಮೂರೂ ಒಂದೇ ವಸ್ತು ಅನ್ನಿಸುತ್ತಿದೆ. ಎಲ್ಲವೂ ಕೊಳೆತಿದ್ದರೆ ನೋಡುವವರ ಕಣ್ಣು ಅದಕ್ಕೆ ಬೇಗ ಒಗ್ಗಿಹೋಗುತ್ತದೆ. ಇದು ಹೀಗೇ ಇರುವ ಪ್ರಾಣಿ ಅಂದುಕೊಂಡು ಸುಮ್ಮನಾಗುತ್ತಾರೆ. ಹೆದರಿಕೆ ಬರಬೇಕಾದರೆ ಒಂದು ಜಾಗ ಚೊಕ್ಕಟವಾಗಿರಬೇಕು. ಅಲ್ಲಿ ಯಾಕೆ ಚೊಕ್ಕಟವಾಗಿದೆ ಅನ್ನುವ ಪ್ರಶ್ನೆ ನೋಡಿದವರ ತಲೆಯಲ್ಲಿ ಏಳಬೇಕು.

ನಿಮ್ಮ ಗೊಂಬೆಯಲ್ಲಿ ಆ ಜಾಗ ಮುಖವಾಡ. ಯಾರೋ ದಿನಾ ಒರೆಸಿ ಇಟ್ಟುಕೊಂಡ ಹಾಗೆ ಕಾಣಿಸಿ. ದಂತದ ಬಿಳಿ, ಕೆನ್ನೆ ಮೇಲೆ ದುಂಡಗೆ ಒಂದು ಗುಲಾಬಿ ಚುಕ್ಕೆ, ಪುಟ್ಟ ಕೆಂಪು ತುಟಿ. ಜೀವದ ಬಣ್ಣವೆಲ್ಲ ಜೀವವಿಲ್ಲದ ಮುಖವಾಡಕ್ಕೆ ಹೋಗಲಿ. ಮೈಯಿಂದ ಕೆಂಪನ್ನು ಪೂರ್ತಿ ತೆಗೆದುಬಿಡಿ. ಉಳಿದ ಉಪಾಯಗಳೆಲ್ಲ ಇದರ ಮುಂದೆ ಸಣ್ಣವು.

ಜಪಾನಿನ ರೋಬೋ ವಿಜ್ಞಾನಿ ಮಸಾಹಿರೋ ಮೋರಿ 1970ರಲ್ಲಿ ಬರೆದ ಲೇಖನ ನಿಮಗೆ ಗೊತ್ತಿರಬಹುದು. ಮನುಷ್ಯನನ್ನು ಹೋಲದ ಯಂತ್ರ ನಮಗೆ ಏನೂ ಅನ್ನಿಸುವುದಿಲ್ಲ. ಸ್ವಲ್ಪ ಹೋಲಿದರೆ ಮುದ್ದು ಬರುತ್ತದೆ. ಹೆಚ್ಚುಕಡಿಮೆ ಪೂರ್ತಿ ಹೋಲಿ, ಎಲ್ಲೋ ಒಂದು ಕಡೆ ತಪ್ಪಿದರೆ ಮೈ ಜುಮ್ಮೆನ್ನುತ್ತದೆ. ಮುಖವಾಡವನ್ನು ಆ ಅಂಚಿಗೆ ತಂದು ನಿಲ್ಲಿಸಿ.

---

ಕೆಂಪುಡಬ್ಬಿ

ಎಲ್ಲಾ ಸರಿ, ಆದರೆ ರಕ್ತ ಇಲ್ಲದ ಪಿಶಾಚಿನಾ? ಬಾಯಿಂದ ಎದೆವರೆಗೆ ಇಳಿಸಿ ಸಾರ್. ತಮಿಯಾ ಕಂಪನಿಯ ಕ್ಲಿಯರ್ ರೆಡ್ (ಪಾರದರ್ಶಕ ಕೆಂಪು), ಎಕ್ಸ್-27. ಅದಕ್ಕೆ ಒಂದು ಹನಿ ಕಪ್ಪೋ ಕಂದೋ ಸೇರಿಸಿ ಹಚ್ಚಿದರೆ ಹಸಿ ರಕ್ತಾನೇ. ಒಣಗಿದ ಮೇಲೂ ಮಿರಿಮಿರಿ ಅನ್ನುತ್ತಿರುತ್ತದೆ. ಕೈಬೆರಳಿಗೂ ಹಚ್ಚಿ, ಬೇಸ್ ಮೇಲೆ ಚೆಲ್ಲಿ.

---

ಬೂದಿಬಣ್ಣ

ಬಣ್ಣದ ಬಗ್ಗೆ ಒಪ್ಪಿದೆ, ಜಾಗದ ಬಗ್ಗೆ ಇಲ್ಲ. ಎದೆ ತುಂಬಾ ರಕ್ತ ಬಂದರೆ ನೋಡುವವರ ಕಣ್ಣು ಅಲ್ಲಿಗೇ ಹೋಗಿ ಅಲ್ಲೇ ಕೂರುತ್ತದೆ. ಮುಖವಾಡಕ್ಕೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಅದೂ ಅಲ್ಲದೆ ಈಗಷ್ಟೇ ಉಂಡ ಪಿಶಾಚಿಗಿಂತ ಇನ್ನೂ ಉಣ್ಣದ ಪಿಶಾಚಿ ಭಯಂಕರ. ಒಡೆದ ಕೆನ್ನೆಯೊಳಗೆ ಒಸಡಿಗೆ ಮಾತ್ರ ಹಚ್ಚಿ, ಸಾಕು.

---

ಕೆಂಪುಡಬ್ಬಿ

ಒಸಡಿಗೆ ಮಾತ್ರ ಹಚ್ಚೋದಾದರೆ ಒಂದು ಡಬ್ಬಿ ನನ್ನ ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ 😄

---

ಮಹಜರು

ನಾನು ಶವಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುವವನು. ಮಿನಿಗಳಿಗೆ ಬಣ್ಣ ಹಚ್ಚುವುದು ಬಿಡುವಿನ ಹವ್ಯಾಸ. ಎಲ್ಲರೂ ಹೆಣದ ಬಣ್ಣ ಅಂದರೆ ಹಸಿರು ಅಂದುಕೊಂಡು ತಲೆಯಿಂದ ಕಾಲಿನವರೆಗೆ ಒಂದೇ ಸಮ ಹಚ್ಚುತ್ತಾರೆ. ನಿಜದಲ್ಲಿ ಹಾಗಿರುವುದಿಲ್ಲ. ಓದಿ ಬೇಜಾರಾಗುವವರು ಈ ಉತ್ತರ ದಾಟಿ ಮುಂದೆ ಹೋಗಿ.

ಮೊದಲು ಬರುವುದು ಬಿಳಚು. ಆಮೇಲೆ ನೇರಳೆ. ಹೃದಯ ನಿಂತ ಮೇಲೆ ರಕ್ತ ಭಾರಕ್ಕೆ ಕೆಳಗಿಳಿದು ಮೈಯ ತಳಭಾಗದಲ್ಲಿ ನಿಲ್ಲುತ್ತದೆ. ಚರ್ಮದ ಮೇಲೆ ನೀಲಿ ಮಿಶ್ರಿತ ನೇರಳೆ ಕಲೆ ಮೂಡುತ್ತದೆ. ಸುಮಾರು 8ರಿಂದ 12 ಗಂಟೆ ಕಳೆದರೆ ಆ ಕಲೆ ಅಲ್ಲೇ ನೆಲೆಯಾಗುತ್ತದೆ, ಆಮೇಲೆ ದೇಹವನ್ನು ಹೊರಳಿಸಿದರೂ ಜಾಗ ಬಿಡುವುದಿಲ್ಲ. ಇನ್ನೊಂದು ವಿಷಯ: ನೆಲಕ್ಕೆ ಒತ್ತಿಕೊಂಡಿದ್ದ ಜಾಗದಲ್ಲಿ ರಕ್ತನಾಳ ಮುಚ್ಚಿಕೊಂಡಿರುತ್ತದೆ, ಅಲ್ಲಿ ಕಲೆ ಬರುವುದಿಲ್ಲ. ಬಿಳಚಾಗಿಯೇ ಉಳಿಯುತ್ತದೆ.

ಹಸಿರು ಬರುವುದು ಇನ್ನೂ ತಡವಾಗಿ. ಸಾಮಾನ್ಯವಾಗಿ ಮೊದಲು ಕಾಣುವುದು ಹೊಟ್ಟೆಯ ಕೆಳಗಿನ ಬಲಭಾಗದಲ್ಲಿ. ದೊಡ್ಡ ಕರುಳಿನ ಮೊದಲ ಭಾಗ ಅಲ್ಲಿ ಚರ್ಮಕ್ಕೆ ಹತ್ತಿರ ಇರುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಜಾಸ್ತಿ. ಅಲ್ಲಿಂದ ಹೊಟ್ಟೆ, ಎದೆ, ತೊಡೆಗೆ ಹಬ್ಬುತ್ತದೆ. ಆ ಹೊತ್ತಿಗೆ ಚರ್ಮದ ಕೆಳಗಿನ ರಕ್ತನಾಳಗಳು ಹಸಿರು ಕಂದು ಬಣ್ಣದಲ್ಲಿ ಕವಲು ಕವಲಾಗಿ ಎದ್ದು ಕಾಣುತ್ತವೆ.

ಈಗ ನಿಮ್ಮ ಪಿಶಾಚಿಗೆ ಬರೋಣ. ಅದರ ಬೆನ್ನು ಪೂರ್ತಿ ತೆರೆದಿದೆ ಅಲ್ವಾ? ಬೆನ್ನಿಗೆಲ್ಲ ತೆಳುವಾಗಿ ನೇರಳೆ ಹಚ್ಚಿ. ಎರಡು ಹೆಗಲಮೂಳೆಗಳ ಮೇಲೆ ಮತ್ತು ಕಾಲಿನ ಮೀನಖಂಡದ ಮೇಲೆ ಮಾತ್ರ ಬಿಳಚು ಬಿಡಿ. ಅರ್ಥ ಏನು ಗೊತ್ತಾ? ಇದು ಅಂಗಾತ ಮಲಗಿದ್ದಲ್ಲೇ ಸತ್ತಿದೆ, ಅರ್ಧ ದಿನ ಹಾಗೇ ಬಿದ್ದಿತ್ತು, ಆಮೇಲೆ ಎದ್ದಿದೆ. ಮೇಜಿನ ಆ ಕಡೆ ಕೂತವರಿಗೆ ಕಾಣುವುದು ಬೆನ್ನೇ. ಯಾರಿಗೂ ವಿವರಿಸಬೇಕಾಗಿಲ್ಲ, ಏನೋ ಸರಿಯಿಲ್ಲ ಅಂತ ಅವರಿಗೆ ಅನ್ನಿಸಿದರೆ ಸಾಕು.

ಉಗುರಿನ ಬಗ್ಗೆಯೂ ಒಂದು ಮಾತು. ಸತ್ತ ಮೇಲೆ ಉಗುರು ಬೆಳೆಯುತ್ತದೆ ಅನ್ನುವುದು ಸುಳ್ಳು. ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ, ಅದರಿಂದ ಉಗುರು ಉದ್ದವಾದಂತೆ ಕಾಣುತ್ತದೆ. ಉಗುರಿನ ಬುಡದಲ್ಲಿ ಗಾಢ ಕಂದು ಬಣ್ಣದ ಸಣ್ಣ ಗೆರೆ ಎಳೆದರೆ ಆ ಒಣಗಿದ ಚರ್ಮ ಬಂದುಬಿಡುತ್ತದೆ.

---

ಡೈಸ್‌ರಂಗ

ಮಹಜರು ಅವರೆ, ಬೆನ್ನಿನ ವಿಷಯ ಓದಿದ ಮೇಲೆ ಕಥೆಯನ್ನೇ ಬದಲಾಯಿಸಬೇಕು ಅನ್ನಿಸುತ್ತಿದೆ. ಖಂಡಿತ ಮಾಡುತ್ತೇನೆ.

ಒಂದು ಅನುಮಾನ. ಇಷ್ಟು ಸೂಕ್ಷ್ಮವಾದ ನೇರಳೆಯನ್ನು ಹಸಿರು ಬೂದಿಯ ಮೇಲೆ ಹಚ್ಚಿದರೆ ಕೆಸರು ಬಣ್ಣ ಆಗುವುದಿಲ್ಲವಾ? ವಾಶ್ ಹಾಕಿದರೆ ಅದು ಗುಂಡಿಗಳಿಗೆ ಓಡಿಹೋಗುತ್ತದೆ, ನನಗೆ ಬೇಕಾದ ಕಡೆ ನಿಲ್ಲುವುದಿಲ್ಲ.

---

ತೆಳುಪದರ

ಅದಕ್ಕೇ ವಾಶ್ ಬೇಡ, ಗ್ಲೇಝ್ ಬೇಕು. ಎರಡೂ ತೆಳು ಬಣ್ಣವೇ, ಹಚ್ಚುವ ರೀತಿ ಬೇರೆ. ವಾಶ್ ಆದರೆ ಬ್ರಶ್ ತುಂಬಾ ತೆಗೆದುಕೊಂಡು ಹರಿಯಲು ಬಿಡುತ್ತೇವೆ. ಗ್ಲೇಝ್ ಆದರೆ ಬ್ರಶ್ಶನ್ನು ಟಿಶ್ಯೂ ಮೇಲೆ ಒತ್ತಿ, ಹೆಚ್ಚಿನ ನೀರು ತೆಗೆದು, ಬೇಕಾದಲ್ಲಿ ಮಾತ್ರ ಎಳೆಯುತ್ತೇವೆ. ಹಚ್ಚಿದ ಜಾಗದಲ್ಲಿ ನೀರು ನಿಂತು ಕೊಳ ಕಟ್ಟಿತೋ, ಬ್ರಶ್ ಇನ್ನೂ ಒದ್ದೆಯಿದೆ ಅಂತ ಅರ್ಥ.

ಅಳತೆ ಬೇಕಾದರೆ ಒಂದು ಪಾಲು ಬಣ್ಣಕ್ಕೆ ಐದಾರು ಪಾಲು ಗ್ಲೇಝ್ ಮೀಡಿಯಂ (ಬಣ್ಣವನ್ನು ತೆಳುಮಾಡುವ ಪಾರದರ್ಶಕ ದ್ರವ). ಬರೀ ನೀರು ಹಾಕಿದರೂ ನಡೆಯುತ್ತದೆ, ಆದರೆ ಜಾಸ್ತಿ ನೀರಾದರೆ ಬಣ್ಣದ ಅಂಟು ಸಡಿಲಾಗಿ ಅಂಚಿನಲ್ಲಿ ಉಂಗುರದ ಕಲೆ ಬರುತ್ತದೆ. ವೆಟ್ ಪ್ಯಾಲೆಟ್ (ಒದ್ದೆ ಸ್ಪಂಜಿನ ಮೇಲೆ ಕಾಗದ ಹಾಸಿದ ಬಣ್ಣದ ತಟ್ಟೆ) ಮೇಲೆ ಎಳೆದು ನೋಡಿ. ಕೆಳಗಿನ ಕಾಗದ ಸ್ಪಷ್ಟವಾಗಿ ಕಂಡು, ಬಣ್ಣದ ಛಾಯೆ ಮಾತ್ರ ಉಳಿದರೆ ಹದ ಸರಿ.

ಮುಖ್ಯವಾದದ್ದು ಎಳೆಯುವ ದಿಕ್ಕು. ಬ್ರಶ್ ಎಲ್ಲಿ ಎತ್ತುತ್ತೀರೋ ಅಲ್ಲಿ ಬಣ್ಣ ಹೆಚ್ಚು ಉಳಿಯುತ್ತದೆ. ಹಾಗಾಗಿ ಹೆಗಲಮೂಳೆಯ ಪಕ್ಕದಿಂದ ಶುರು ಮಾಡಿ ಬೆನ್ನುಮೂಳೆಯ ಕಡೆಗೆ ಎಳೆದು, ಅಲ್ಲಿ ಎತ್ತಿ. ಮೂಳೆಯ ಮೇಲಿನ ಬಿಳಚಿಗೆ ಬ್ರಶ್ ತಾಗಿಸಲೇಬೇಡಿ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಮೊದಲ ಪದರದಲ್ಲಿ ಏನೂ ಆಗಲಿಲ್ಲ ಅನ್ನಿಸುತ್ತದೆ. ಅನ್ನಿಸಬೇಕು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ನೇರಳೆ ಚರ್ಮದ ಒಳಗಿನಿಂದ ಬಂದ ಹಾಗೆ ಕಾಣಲು ಶುರುವಾಗುತ್ತದೆ. ಒಂದೇ ಸಲ ದಪ್ಪಗೆ ಹಚ್ಚಿದರೆ ಚರ್ಮದ ಮೇಲೆ ಬಳಿದ ಹಾಗೆ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ.

ಕೆಸರಾಗುವ ಬಗ್ಗೆ: ನಿಮ್ಮ ಹಸಿರು ಬೂದಿ ಡಬ್ಬಿಯ ಹಸಿರಾ, ಬೆರೆಸಿದ್ದಾ? ನನಗೆ ಇಷ್ಟವಾದದ್ದು ಹಸಿರು ಡಬ್ಬಿ ಮುಟ್ಟದೆಯೇ ಹಸಿರು ತರುವುದು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ (1860–1920) ಹೆಸರಲ್ಲಿ ಒಂದು ಬಣ್ಣದ ಗುಂಪು ಇದೆ: ಹಳದಿ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್, ಬಿಳಿ. ನಾಲ್ಕೇ. ಈ ಕಪ್ಪಿನಲ್ಲಿ ನೀಲಿಯ ಛಾಯೆ ಇರುತ್ತದೆ. ಓಕರ್ ಜೊತೆ ಬೆರೆಸಿದರೆ ಮಂಕಾದ ಹಸಿರು, ಬಿಳಿ ಜೊತೆ ಬೆರೆಸಿದರೆ ತಣ್ಣನೆಯ ನೀಲಿಬೂದಿ. ಅದಕ್ಕೆ ಒಂದು ಚೂರು ಕೆಂಪು ತಾಗಿಸಿದರೆ ಹೆಣದ ನೇರಳೆ. ಎಲ್ಲವೂ ಒಂದೇ ನಾಲ್ಕು ಬಣ್ಣದಿಂದ ಹುಟ್ಟಿದ್ದರಿಂದ ಒಂದಕ್ಕೊಂದು ಜಗಳ ಆಡುವುದಿಲ್ಲ. ಅದೇ ಕೆಂಪನ್ನು ಮುಖವಾಡದ ಕೆನ್ನೆಗೂ ಬಳಸಿ.

---

ಹೊಸಕುಂಚ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಸಣ್ಣ ಕೆಲಸಕ್ಕೆ ಸೊನ್ನೆ ಸೊನ್ನೆ ಸೊನ್ನೆ ಅಂತ ಬರೆದಿರುವ ಬ್ರಶ್ ಬೇಕಾ? ನನ್ನ ಹತ್ತಿರ ಇರುವುದು 1 ಮತ್ತು 2.

---

ತೆಳುಪದರ

1 ಸಾಕು. ತುದಿ ಚೂಪಾಗಿದ್ದರೆ ಅದರಲ್ಲೇ ಕಣ್ಣಿನ ಪಾಪೆಯನ್ನೂ ಬರೆಯಬಹುದು. ತೀರಾ ಸಣ್ಣ ಬ್ರಶ್ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಗೆ ತಾಗಿಸುವಷ್ಟರಲ್ಲಿ ಒಣಗಿರುತ್ತದೆ. ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7ರಂಥ ಕೊಲಿನ್‌ಸ್ಕಿ ಸೇಬಲ್ (ಪ್ರಾಣಿಯ ಕೂದಲಿನ) ಬ್ರಶ್ಶನ್ನು ಎಲ್ಲರೂ ಹೊಗಳುವುದು ಆ ಹೊಟ್ಟೆ ಮತ್ತು ತುದಿಗೇ. ಹಾಗಂತ ಅದೇ ಬೇಕು ಅಂತಿಲ್ಲ. ಡ್ರೈಬ್ರಶ್‌ಗೆ (ಹೆಚ್ಚುಕಡಿಮೆ ಒಣ ಬ್ರಶ್ಶಿನಿಂದ ಉಬ್ಬುಗಳ ಮೇಲೆ ಮಾತ್ರ ಬಣ್ಣ ಸವರುವುದಕ್ಕೆ), ಅಂಟಿಗೆ, ಕೆಂಪುಡಬ್ಬಿಯವರ ತಮಿಯಾಗೆ ಮಾತ್ರ ಹಳೆಯ ಸಿಂಥೆಟಿಕ್ ಇಟ್ಟುಕೊಳ್ಳಿ. ತಮಿಯಾ ಅಕ್ರಿಲಿಕ್ ಆಲ್ಕೋಹಾಲ್ ಬೆರೆತದ್ದು, ಬರೀ ನೀರಲ್ಲಿ ಬ್ರಶ್ ಸರಿಯಾಗಿ ತೊಳೆಯಲು ಆಗುವುದಿಲ್ಲ.

ಬ್ರಶ್ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವ ಚಟ ಅಂಟಿಸಿಕೊಳ್ಳಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ.

---

ಮೂರಡಿದೂರ

ಎಲ್ಲರೂ ಗೊಂಬೆಯನ್ನು ಮೂಗಿನ ಹತ್ತಿರ ಹಿಡಿದು ಮಾತಾಡುತ್ತಿದ್ದೀರಿ. ಇದು ಆಟದ ಮಿನಿ, ಪ್ರದರ್ಶನದ್ದಲ್ಲ. ಆಟಗಾರರು ನೋಡುವುದು ಮುಕ್ಕಾಲು ಮೀಟರ್, ಒಂದು ಮೀಟರ್ ದೂರದಿಂದ. ಅಲ್ಲಿಂದ ನಿಮ್ಮ ನಾಲ್ಕು ಪದರದ ನೇರಳೆ ಕಾಣುತ್ತದಾ?

ನಾನು ಮಾಡುವುದು ಇಷ್ಟು. ಫೋನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುತ್ತೇನೆ. ಅದನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ನೋಡುತ್ತೇನೆ. ಮುಖ ಎಲ್ಲಿದೆ, ಕೈ ಎಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ರಂಗ ಅವರ ವಿವರಣೆ ನೋಡಿದರೆ ಅವರ ಗೊಂಬೆ ಹಾಗೆ ನೋಡಿದಾಗ ಒಂದು ಬೂದಿ ಉಂಡೆ. ಮುಖವಾಡ ಎಲ್ಲಕ್ಕಿಂತ ಬೆಳ್ಳಗಿರಬೇಕು, ಅದರ ಸುತ್ತಲಿನ ಕೂದಲು, ಬಟ್ಟೆ ಎಲ್ಲಕ್ಕಿಂತ ಕಪ್ಪಗಿರಬೇಕು. ಮೈ ಅವೆರಡರ ನಡುವೆ. ಬೆರಳಿನ ತುದಿಗಳನ್ನು ಕಪ್ಪಗೆ ಮಾಡಿ, ಆಗ ಬೇಸ್ ಬಣ್ಣ ತಿಳಿಯಾಗಿರಬೇಕು, ಇಲ್ಲದಿದ್ದರೆ ಅಷ್ಟುದ್ದದ ಬೆರಳು ನೆಲದಲ್ಲಿ ಕಳೆದುಹೋಗುತ್ತದೆ.

ಬಿಳಿ ವಿಷಯದಲ್ಲಿ ಕಂಜೂಸಿ ಇರಲಿ. ಮುಖವಾಡಕ್ಕೆ ದಂತದ ಬಣ್ಣ ಹಚ್ಚಿ, ಅಪ್ಪಟ ಬಿಳಿಯನ್ನು ಹಣೆಯ ಮೇಲೆ ಒಂದು ಚುಕ್ಕೆ, ಮೂಗಿನ ತುದಿಗೆ ಒಂದು ಚುಕ್ಕೆ, ಅಷ್ಟಕ್ಕೇ ಉಳಿಸಿ. ಶುರುವಿಗೇ ಬಿಳಿ ಬಳಿದುಬಿಟ್ಟರೆ ಆಮೇಲೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ.

---

ಮಹಜರು

ದೂರದಿಂದ ಪದರ ಕಾಣುವುದಿಲ್ಲ, ಒಪ್ಪಿದೆ. ಆದರೆ ನೇರಳೆ ಬೆನ್ನಿನ ಮೇಲೆ ಎರಡು ಬಿಳಚು ತೇಪೆ ಕಾಣುತ್ತದೆ. ಅದು ಸಣ್ಣ ಆಕಾರವಲ್ಲ.

---

ಮೂರಡಿದೂರ

ಅದು ಸರಿ. ತೇಪೆ ಇರಲಿ.

---

ಕೆಂಪುಡಬ್ಬಿ

ಕಣ್ಣಿಗೆ ಏನು ಮಾಡುತ್ತೀರಿ? ಕೆಂಪಗೆ ಉರಿಯೋ ಕಣ್ಣು ಇಟ್ಟರೆ ಮೂರಡಿ ಏನು, ಆರಡಿ ದೂರದಿಂದಲೂ ಕಾಣುತ್ತದೆ. ಮುಖವಾಡದ ತೂತಿನ ಸುತ್ತ ಕೆಂಪು ಬೆಳಕು ಚೆಲ್ಲಿದ ಹಾಗೆ ಗ್ಲೇಝ್ ಕೊಡಬಹುದು.

---

ತೆಳುಪದರ

ಉರಿಯುವ ಕಣ್ಣು ಇಟ್ಟರೆ ಅದು ರಾಕ್ಷಸ ಆಗುತ್ತದೆ. ಹೊಡೆಯಬಹುದಾದ ಶತ್ರು ಅಂತ ಆಟಗಾರರಿಗೆ ಧೈರ್ಯ ಬಂದುಬಿಡುತ್ತದೆ.

ನನ್ನ ಅಭಿಪ್ರಾಯ: ತೂತುಗಳನ್ನು ಅಪ್ಪಟ ಕಪ್ಪು ಮಾಡಿ. ಕಣ್ಣು ಬರೆಯಲೇಬೇಡಿ. ಎಲ್ಲಾ ಮುಗಿದು ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಒಣಗಿದ ಮೇಲೆ ಪ್ರತಿ ತೂತಿನೊಳಗೆ ಒಂದು ಹನಿ ಹೊಳಪಿನ ವಾರ್ನಿಶ್ ಬಿಡಿ. ಹನಿ ಉಬ್ಬಿ ನಿಂತು ಹಾಗೇ ಒಣಗಬೇಕು. ಮಿನಿಯನ್ನು ಮೇಜಿನ ಮೇಲೆ ಸರಿಸಿದಾಗ ದೀಪದ ಬೆಳಕು ಅದರೊಳಗೆ ಜಾಗ ಬದಲಿಸುತ್ತದೆ. ಕಣ್ಣು ಇಲ್ಲ, ಆದರೂ ಅದು ನಮ್ಮನ್ನು ಹಿಂಬಾಲಿಸಿ ನೋಡಿದ ಹಾಗೆ ಇರುತ್ತದೆ. ಬಣ್ಣದಲ್ಲಿ ಬರೆದ ಬಿಳಿ ಚುಕ್ಕೆಗೆ ಈ ಚಲನೆ ಎಲ್ಲಿಂದ ಬರಬೇಕು?

---

ಬೂದಿಬಣ್ಣ

ಇದು ನನಗೆ ಹೊಳೆದಿರಲಿಲ್ಲ. ಬಹಳ ಚೆನ್ನಾಗಿದೆ.

ಹೊಳಪಿನ ಮಾತು ಬಂದಿದ್ದರಿಂದ ಅದನ್ನೇ ಮುಂದುವರಿಸುತ್ತೇನೆ. ಬಣ್ಣದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹೊಳಪಿನ ಬಗ್ಗೆ ಯಾರೂ ಕೆಡಿಸಿಕೊಳ್ಳುವುದಿಲ್ಲ. ಕೊನೆಗೆ ಇಡೀ ಗೊಂಬೆಗೆ ಮ್ಯಾಟ್ ಹೊಡೆದು ಮುಗಿಸುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ವಸ್ತು ಇವೆ. ಬಟ್ಟೆ ಮ್ಯಾಟ್ ಇರಲಿ. ಮೈ ಸ್ಯಾಟಿನ್ (ಅರೆಹೊಳಪು) ಇರಲಿ, ಬೆವರೋ ತೇವವೋ ಅನ್ನುವ ಅನುಮಾನ ಬರುವಷ್ಟು. ಮುಖವಾಡ ಹೊಳೆಯಲಿ, ಪಿಂಗಾಣಿ ಅಲ್ವಾ. ಒಡಕಿನೊಳಗಿನ ಬಾಯಿ ಎಲ್ಲಕ್ಕಿಂತ ಒದ್ದೆ. ಕ್ರಮ ಯಾವಾಗಲೂ ಹೀಗೆ: ಮೊದಲು ಇಡೀ ಗೊಂಬೆಗೆ ಮ್ಯಾಟ್, ಅದು ಒಣಗಿದ ಮೇಲೆ ಬೇಕಾದ ಕಡೆ ಬ್ರಶ್ಶಿನಿಂದ ಸ್ಯಾಟಿನ್, ಹೊಳಪು. ಉಲ್ಟಾ ಮಾಡಿದರೆ ಮ್ಯಾಟ್ ಎಲ್ಲವನ್ನೂ ನುಂಗುತ್ತದೆ.

ಒಡಕಿನ ಗೆರೆಗಳನ್ನು ಮುಖವಾಡದ ಮೇಲೆ ಇನ್ನಷ್ಟು ಹಬ್ಬಿಸಬಹುದು. ಕಪ್ಪು ಬೇಡ, ಗಾಢ ಕಂದು. ಗೆರೆ ನೇರ ಇರಬಾರದು, ಅಲ್ಲಲ್ಲಿ ಮುರಿದು ದಿಕ್ಕು ಬದಲಿಸಬೇಕು. ಆಮೇಲೆ ಗೆರೆಯ ಕೆಳಗಿನ ಅಂಚಿಗೆ ತಾಗಿದಂತೆ ತಿಳಿ ಬಣ್ಣದ ಇನ್ನೊಂದು ಗೆರೆ. ಬೆಳಕು ಮೇಲಿನಿಂದ ಬೀಳುವುದರಿಂದ ಒಡಕಿನ ಕೆಳಗಿನ ತುಟಿಗೇ ಬೆಳಕು ತಾಗುವುದು. ಈ ಎರಡನೇ ಗೆರೆ ಇಲ್ಲದಿದ್ದರೆ ಪೆನ್ನಲ್ಲಿ ಗೀಚಿದ ಹಾಗೆ ಇರುತ್ತದೆ. ಒಂದೆರಡು ಗೆರೆ ಸಾಕು, ಮುಖವಾಡ ಚೊಕ್ಕಟ ಅನ್ನುವ ಮಾತು ಮರೆಯಬೇಡಿ.

---

ಹೊಸಕುಂಚ

ಕಾಂಟ್ರಾಸ್ಟ್ ಪೇಂಟ್‌ನಲ್ಲಿ ಇದನ್ನೆಲ್ಲ ಒಂದೇ ಸಲಕ್ಕೆ ಮಾಡಲು ಆಗುವುದಿಲ್ಲವಾ?

---

ಮೂರಡಿದೂರ

ಬಟ್ಟೆಗೆ ಧಾರಾಳವಾಗಿ ಬಳಸಿ. 2019ರಲ್ಲಿ ಸಿಟಾಡೆಲ್ ಅನ್ನುವ ಬಣ್ಣದ ಬ್ರ್ಯಾಂಡ್ ಅದನ್ನು ತಂದಿದ್ದೇ ಒಂದು ಪದರದಲ್ಲಿ ನೆರಳು, ಮಧ್ಯ, ಬೆಳಕು ಮೂರೂ ಸಿಗಲಿ ಅಂತ. ಆದರೆ ಅದು ಗುಂಡಿಗೆ ಹರಿಯುವ ಬಣ್ಣ. ಮಡಿಕೆ ಇರುವ ಬಟ್ಟೆಗೆ, ಕೂದಲಿಗೆ ಹೇಳಿ ಮಾಡಿಸಿದ್ದು. ನುಣ್ಣಗಿನ ಮುಖವಾಡದ ಮೇಲೆ ಹಾಕಿದರೆ ತೇಪೆ ತೇಪೆಯಾಗಿ ಒಣಗುತ್ತದೆ.

---

ಡೈಸ್‌ರಂಗ

ಮುಂದುವರಿದ ಭಾಗ. ಮುಖವಾಡವನ್ನು ತೆಳುವಾದ ದಂತದ ಬಣ್ಣದಲ್ಲಿ ಮತ್ತೆ ಮುಚ್ಚಿದ್ದೇನೆ. ಕಂದು ವಾಶ್ ಮೂಗಿನ ಪಕ್ಕ, ತುಟಿಯ ಕೆಳಗೆ ಮಾತ್ರ ಉಳಿದಿದೆ. ಕೆನ್ನೆಗೆ ಗುಲಾಬಿ ಬಂತು. ಬಟ್ಟೆಯನ್ನು ಹೆಚ್ಚುಕಡಿಮೆ ಕಪ್ಪಿಗೆ ಇಳಿಸಿದೆ. ಇಷ್ಟಕ್ಕೇ ಗೊಂಬೆ ಬದಲಾಗಿಹೋಯಿತು. ರಕ್ತ ಇಲ್ಲ, ಕೊಳೆ ಜಾಸ್ತಿ ಆಗಿಲ್ಲ, ಆದರೂ ಈಗ ಅದು ನಗುತ್ತಿದೆ ಅನ್ನಿಸುತ್ತದೆ. ಶಿಲ್ಪದಲ್ಲಿ ಆ ನಗು ಮೊದಲೂ ಇತ್ತು, ವಾಶ್ ಕೆಳಗೆ ಮುಚ್ಚಿಹೋಗಿತ್ತು.

ಬೆನ್ನಿನ ಗ್ಲೇಝ್ ನಡೆಯುತ್ತಿದೆ. ತೆಳುಪದರ ಮೇಡಂ ಹೇಳಿದ ದಿಕ್ಕಿನ ಮಾತು ಕೈಗೆ ಹತ್ತಿದ ಮೇಲೆ ಕೆಲಸ ಸಲೀಸಾಯಿತು.

ಇನ್ನೊಂದು ಯೋಚನೆ. ಕೆಳಗಿನಿಂದ ಬೆಳಕು ಬಿದ್ದ ಹಾಗೆ ಬಣ್ಣ ಹಚ್ಚಿದರೆ? ಗಲ್ಲದ ಕೆಳಗೆ, ಹುಬ್ಬಿನ ಕೆಳಗೆ ಹಸಿರು ಬೆಳಕು. ಟಾರ್ಚನ್ನು ಗಲ್ಲದ ಕೆಳಗೆ ಹಿಡಿದು ಹೆದರಿಸುತ್ತಾರಲ್ಲ, ಹಾಗೆ.

---

ಮೂರಡಿದೂರ

ಫೋಟೋಗೆ ಸೊಗಸು, ಮೇಜಿಗೆ ಬೇಡ. ಕೋಣೆಯ ದೀಪ ಮೇಲಿರುತ್ತದೆ. ನೀವು ಗಲ್ಲದ ಕೆಳಗೆ ಬೆಳಕು ಬರೆದ ಜಾಗದಲ್ಲೇ ನಿಜವಾದ ನೆರಳು ಬೀಳುತ್ತದೆ. ಎರಡೂ ಹೊಡೆದಾಡಿ ಚಪ್ಪಟೆಯಾಗುತ್ತದೆ. ಅದೂ ಅಲ್ಲದೆ ಇದು ಬಾಗಿ ಕೂತ ಗೊಂಬೆ. ಎದ್ದು ನಿಂತವರಿಗೆ ಅದರ ಗಲ್ಲ ಕಾಣುವುದೇ ಇಲ್ಲ.

---

ತೆಳುಪದರ

ಇದರಲ್ಲಿ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೆಳಕಿನ ಮೂಲ ಗೊಂಬೆಯ ಮೇಲೆಯೇ ಇದ್ದರೆ, ಅಂದರೆ ಕೈಯಲ್ಲಿ ಲಾಟೀನು ಇದ್ದರೆ, ಕಣ್ಣು ಅದನ್ನು ನಂಬುತ್ತದೆ. ಆಗಲೂ ಸುತ್ತಲಿನದ್ದೆಲ್ಲ ಮೂಲಕ್ಕಿಂತ ಕಪ್ಪಗಿರಬೇಕು, ದೂರ ಹೋದಂತೆ ಬೆಳಕು ಸಾಯಬೇಕು. ನಿಮ್ಮ ಪಿಶಾಚಿ ಕೈಯಲ್ಲಿ ಏನೂ ಇಲ್ಲ. ಎಲ್ಲಿಂದ ಬಂತು ಈ ಹಸಿರು ಬೆಳಕು ಅಂತ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲ. ಬಿಟ್ಟುಬಿಡಿ.

---

ಬೂದಿಬಣ್ಣ

ಮುಖವಾಡ ಬೆಳ್ಳಗೆ ಹೊಳೆಯುತ್ತಿರುವಾಗ ಇನ್ನೊಂದು ಬೆಳಕು ತಂದರೆ ಎರಡು ನಾಯಕರಾಗುತ್ತಾರೆ. ನನ್ನದೂ ಬೇಡ ಅನ್ನುವ ಓಟು.

---

ಕೆಂಪುಡಬ್ಬಿ

ಎಲ್ಲದಕ್ಕೂ ಬೇಡ ಬೇಡ ಅಂದರೆ ಹೇಗೆ! ಸರಿ, ಜೊಲ್ಲು ಆದರೂ ಇರಲಿ. ಇದಕ್ಕೆ ಯಾರೂ ಬೇಡ ಅನ್ನಬಾರದು.

ಯುಹು ಪಾರದರ್ಶಕ ಅಂಟು ಇದೆಯಲ್ಲ, ಅದರ ಒಂದು ಹನಿಯನ್ನು ಪ್ಲಾಸ್ಟಿಕ್ ಮೇಲೆ ಹಿಂಡಿ. ಸ್ವಲ್ಪ ಬಿಗಿಯಾಗಲು ಬಿಡಿ. ಹಲ್ಲುಕಡ್ಡಿ ತುದಿಯಲ್ಲಿ ಮುಟ್ಟಿ ಎಳೆದರೆ ದಾರದ ಹಾಗೆ ಎಳೆ ಬರುತ್ತದೆ. ಆ ಎಳೆಯನ್ನು ಮೇಲಿನ ಹಲ್ಲಿಗೆ ತಾಗಿಸಿ ಕೆಳಗಿನ ಹಲ್ಲಿಗೆ ತಂದು ಬಿಡಿ. ಒಣಗಿದ ಮೇಲೆ ಬಾಗಿ ನೇತಾಡುವ ಎಳೆ ಹಾಗೇ ಉಳಿಯುತ್ತದೆ. ಇನ್ನೂ ದಪ್ಪ ಬೇಕಾದರೆ ಅದರ ಮೇಲೆ ಹೊಳಪಿನ ವಾರ್ನಿಶ್. ರಕ್ತದ ಎಳೆ ಬೇಕಾದರೆ ಅದೇ ಅಂಟಿಗೆ ಕ್ಲಿಯರ್ ರೆಡ್ ಬೆರೆಸಿ ಎಳೆಯಬಹುದು, ಆದರೆ ನೀವು ಯಾರೂ ಒಪ್ಪುವುದಿಲ್ಲ ಬಿಡಿ.

---

ಬೂದಿಬಣ್ಣ

ಜೊಲ್ಲಿಗೆ ನನ್ನ ಪೂರ್ತಿ ಬೆಂಬಲ. ಎರಡೇ ಎಳೆ. ಮ್ಯಾಟ್ ವಾರ್ನಿಶ್ ಆದ ಮೇಲೆ ಮಾಡಿ, ಇಲ್ಲದಿದ್ದರೆ ಸ್ಪ್ರೇ ಬಿದ್ದು ಎಳೆ ಮಂಜಾಗುತ್ತದೆ.

---

ನಿರ್ವಾಹಕ

ಸ್ಪ್ರೇ ವಿಷಯ ಬಂದಿದ್ದಕ್ಕೆ ಎರಡು ಮಾತು. ಪ್ರೈಮರ್ ಇರಲಿ, ವಾರ್ನಿಶ್ ಇರಲಿ, ಗಾಳಿಯಾಡುವ ಜಾಗದಲ್ಲಿ, ಆವಿ ತಡೆಯುವ ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಡಬ್ಬಿಯನ್ನು 20ರಿಂದ 30 ಸೆಂ.ಮೀ. ದೂರ ಹಿಡಿಯಿರಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಮ್ಯಾಟ್ ವಾರ್ನಿಶ್ ಹೊಡೆದರೆ ಬೆಳ್ಳಗೆ ಮಂಜು ಕಟ್ಟುವುದುಂಟು. ಅಂಥ ದಿನ ಬ್ರಶ್ಶಿನಿಂದ ಹಚ್ಚುವ ವಾರ್ನಿಶ್ ವಾಸಿ.

ರೆಸಿನ್ ಪ್ರಿಂಟ್ ಮಾಡುವ ಹೊಸಬರಿಗೆ: ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಯುವಿ ಬೆಳಕಲ್ಲಿ ಪೂರ್ತಿ ಕ್ಯೂರ್ ಮಾಡದೆ (ಗಟ್ಟಿಯಾಗಿಸದೆ) ಪ್ರೈಮರ್ ಹೊಡೆಯಬೇಡಿ. ಕ್ಯೂರ್ ಆಗದ ರೆಸಿನ್ ಬರಿಗೈಲಿ ಮುಟ್ಟಬೇಡಿ. ಸಪೋರ್ಟ್ ಗುರುತು (ಪ್ರಿಂಟ್ ಆಗುವಾಗ ಆಸರೆಗಿದ್ದ ಕಡ್ಡಿಗಳು ಬಿಟ್ಟ ಗುರುತು) ಉಜ್ಜುವಾಗ ನೀರು ಹಾಕಿ ಉಜ್ಜಿ, ಪುಡಿ ಗಾಳಿಗೆ ಹಾರಬಾರದು.

---

ಡೈಸ್‌ರಂಗ

ಹೆಚ್ಚುಕಡಿಮೆ ಮುಗಿಯಿತು. ಕಪ್ಪು-ಬಿಳುಪು ಫೋಟೋದಲ್ಲಿ ಮುಖವಾಡ ಮೊದಲು, ಬೆನ್ನಿನ ತೇಪೆಗಳು ಆಮೇಲೆ, ಬೆರಳು ಕೊನೆಗೆ ಕಾಣುತ್ತಿವೆ. ಬೇಸ್‌ಗೆ ತಿಳಿ ಬೂದಿಯ ಕಲ್ಲುಹಾಸು, ಡ್ರೈಬ್ರಶ್ ಅಷ್ಟೇ, ಅಂಚಿಗೆ ಕಪ್ಪು.

ಕಣ್ಣಿನ ಹನಿ ಬಗ್ಗೆ ಹೇಳಲೇಬೇಕು. ಎಡ ತೂತಿನಲ್ಲಿ ಹನಿ ಒಣಗುತ್ತಾ ಒಳಗೆ ಇಳಿದುಹೋಯಿತು, ಬಲಗಡೆ ಉಬ್ಬಿ ನಿಂತಿತು. ಎಡಕ್ಕೆ ಇನ್ನೊಂದು ಹನಿ ಹಾಕೋಣ ಅಂತ ಬ್ರಶ್ ಎತ್ತಿಕೊಂಡವನು ಹಾಗೇ ಬಿಟ್ಟೆ. ಈಗ ತಿರುಗಿಸಿದರೆ ಬಲಗಣ್ಣು ಮೊದಲು ಮಿನುಗುತ್ತದೆ, ಎಡಗಣ್ಣು ಒಂದು ಗಳಿಗೆ ತಡವಾಗಿ. ಎರಡೂ ಒಟ್ಟಿಗೆ ಮಿನುಗುವುದಕ್ಕಿಂತ ಇದೇ ಕೆಟ್ಟದಾಗಿದೆ. ಒಳ್ಳೆಯ ಅರ್ಥದಲ್ಲಿ ಕೆಟ್ಟದು.

ಕೆಂಪುಡಬ್ಬಿಯವರಿಗೆ ಒಂದು ಸಿಹಿಸುದ್ದಿ. ಒಸಡಿನ ಜೊತೆಗೆ ಒಂದು ಬೆರಳಿನ ಉಗುರಿಗೂ ಕ್ಲಿಯರ್ ರೆಡ್ ಹಚ್ಚಿದ್ದೇನೆ. ಒಂದೇ ಉಗುರು.

---

ಕೆಂಪುಡಬ್ಬಿ

ಗೆದ್ದೆ!

---

ಮಹಜರು

ಆ ಉಗುರಿನ ರಕ್ತ ಹಸಿಯಾ, ಒಣಗಿದ್ದಾ? ಒಣಗಿದ್ದಾದರೆ ಹೊಳೆಯಬಾರದು, ಕಂದಾಗಿ ಮಂಕಾಗಬೇಕು.

---

ಡೈಸ್‌ರಂಗ

ಹಸಿ. ಯಾರದ್ದು ಅಂತ ಆಟದಲ್ಲಿ ಗೊತ್ತಾಗುತ್ತದೆ.

ಕೊನೆಯ ಪ್ರಶ್ನೆ. ಈ ಬೆರಳುಗಳು ಕಡ್ಡಿಗಿಂತ ತೆಳು, ಮೇಲಾಗಿ ರೆಸಿನ್. ಆಟದ ದಿನ ಹೊತ್ತುಕೊಂಡು ಹೋಗುವಾಗ ಮುರಿಯದ ಹಾಗೆ ಹೇಗೆ ಇಡುವುದು? ಸ್ಪಂಜಿನ ಗೂಡಿನಲ್ಲಿ ಇಡಲು ಧೈರ್ಯ ಬರುತ್ತಿಲ್ಲ, ಜೊಲ್ಲಿನ ಎಳೆ ಬೇರೆ ಇದೆ.

---

ಮೂರಡಿದೂರ

ಸ್ಪಂಜು ಬೇಡ, ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಬೇಸ್ ಕೆಳಗೆ ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ, 5 ಮಿ.ಮೀ. ಅಗಲ 2 ಮಿ.ಮೀ. ದಪ್ಪದ್ದು ಎರಡು ಇದ್ದರೆ 40 ಮಿ.ಮೀ. ಬೇಸ್‌ಗೆ ಸಾಕು. ಸೂಪರ್ ಗ್ಲೂ ಹಾಕಿ. ಅಂಟಿಸಿದ ಮ್ಯಾಗ್ನೆಟ್ಟು ಬೇಸಿನ ಅಂಚಿಗೆ ಸಮನಾಗಿರಬೇಕು, ಹೊರಗೆ ಬಂದರೆ ಗೊಂಬೆ ಓಲಾಡುತ್ತದೆ, ಒಳಗೆ ಹೋದರೆ ಹಿಡಿತ ಇರುವುದಿಲ್ಲ. ಆಮೇಲೆ ಯಾವುದಾದರೂ ಕಬ್ಬಿಣದ ತಗಡಿನ ಡಬ್ಬಿಯ ತಳದಲ್ಲಿ ನಿಲ್ಲಿಸಿ. ಮುಚ್ಚಳ ಮುಖವಾಡಕ್ಕೆ ತಾಗದಷ್ಟು ಎತ್ತರದ ಡಬ್ಬಿ ನೋಡಿಕೊಳ್ಳಿ. ಒಮ್ಮೆ ಖಾಲಿ ಬೇಸನ್ನು ನಿಲ್ಲಿಸಿ ಡಬ್ಬಿ ತಲೆಕೆಳಗೆ ಮಾಡಿ ಅಲ್ಲಾಡಿಸಿ ಪರೀಕ್ಷೆ ಮಾಡಿ, ಆಮೇಲೆ ಪಿಶಾಚಿಯನ್ನು ಕೂರಿಸಿ.